ಘಟ್ಟವಿಳಿಯುವ ಸೈಕಲ್ಲಿಗೆ ಹೈಡ್ರಾಲಿಕ್ ಡಿಸ್ಕ್ ಬ್ರೇಕ್: ಆಯ್ಕೆ, ನಿರ್ವಹಣೆ ಹಾಗೂ ವರ್ತಕರ ಹೊಣೆ

ಚಾಮರಾಜನಗರ ಮತ್ತು ಗುಂಡ್ಲುಪೇಟೆಗಳ ನಡುವಣ ಉಡಿಗಾಲದ ಬಯಲಿನಲ್ಲಿ ಸೈಕಲ್ ತುಳಿಯುವವರಿಗೆ ಬ್ರೇಕಿನ ಚಿಂತೆ ಅಷ್ಟಾಗಿ ಕಾಡುವುದಿಲ್ಲ. ರಿಮ್ಮನ್ನು ಒತ್ತಿ ಹಿಡಿಯುವ ಎರಡು ಬ್ರೇಕ್ ರಬ್ಬರುಗಳೇ ಇಲ್ಲಿ ತಲೆಮಾರುಗಳ ಕಾಲ ಸಾಕಾಗಿವೆ. 2006-07ರಲ್ಲಿ ರಾಜ್ಯ ಸರ್ಕಾರವು 8ನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ನೀಡಲಾರಂಭಿಸಿದ ಮೇಲೆ ಗ್ರಾಮಾಂತರದ ರಿಪೇರಿ ಅಂಗಡಿಗಳಿಗೆ ದೊರೆತ ಕೆಲಸವೂ ಬಹುಮಟ್ಟಿಗೆ ಪಂಕ್ಚರ್, ಚೈನು ಮತ್ತು ಬ್ರೇಕ್ ರಬ್ಬರಿನದೇ ಆಗಿತ್ತು.

ಆದರೆ ಈ ಬಯಲಿನ ಅಂಚಿನಲ್ಲೆಲ್ಲ ಬೆಟ್ಟಗಳಿವೆ. ಸತ್ಯಮಂಗಲದ ಕಡೆಗಿಳಿಯುವ ದಿಂಬಂ ಘಟ್ಟದಲ್ಲಿ 27 ಕಡಿದಾದ ತಿರುವುಗಳು. ಬಂಡೀಪುರದಾಚೆ ಮಸಿನಗುಡಿಯಿಂದ ಉದಕಮಂಡಲಕ್ಕೇರುವ ಕಲ್ಲಟ್ಟಿಯಲ್ಲಿ 36. ಬಿಳಿಗಿರಿರಂಗನ ಬೆಟ್ಟ ಮತ್ತು ಮಲೆ ಮಹದೇಶ್ವರ ಬೆಟ್ಟಗಳೂ ದೂರವಲ್ಲ. 2008ರಲ್ಲಿ ಆರಂಭವಾದ ‘ಟೂರ್ ಆಫ್ ನೀಲ್ಗಿರೀಸ್’ ಸೈಕಲ್ ಯಾತ್ರೆಯು ಕಲ್ಲಟ್ಟಿಯ ಏರನ್ನು ಸೈಕಲ್ ಸವಾರರ ನಡುವೆ ಹೆಸರುವಾಸಿಯಾಗಿಸಿತು. ಬೆಂಗಳೂರು, ಮೈಸೂರುಗಳಿಂದ ಈ ಕಡೆಗೆ ಬರುವ ಸವಾರರ ಸೈಕಲ್ಲುಗಳಲ್ಲಿ ಡಿಸ್ಕ್ ಬ್ರೇಕ್ ಈಗ ಸಾಮಾನ್ಯ. ಸ್ಥಳೀಯ ಯುವಕರೂ ಅದನ್ನೇ ಕೇಳುತ್ತಿದ್ದಾರೆ. ಹೀಗಾಗಿ ಸೈಕಲ್ ವರ್ತಕರಿಗೆ ಹೊಸ ವ್ಯಾಪಾರ ತೆರೆದುಕೊಂಡಿದೆ. ಅದರೊಡನೆ, ಹಳೆಯ ಅಭ್ಯಾಸಬಲದಿಂದ ನಿಭಾಯಿಸಲಾಗದ ಹೊಣೆಯೊಂದೂ ಬಂದಿದೆ.

ಸವಾರ ಮತ್ತು ಸೈಕಲ್ ಸೇರಿ 90 ಕಿಲೋ ಭಾರವೆಂದು ಹಿಡಿದರೆ, 100 ಮೀಟರ್ ಎತ್ತರವನ್ನು ಇಳಿಯುವಾಗ ಬಿಡುಗಡೆಯಾಗುವ ಶಕ್ತಿ ಸುಮಾರು 88 ಸಾವಿರ ಜೂಲ್. ಕಾಲು ಲೀಟರ್ ನೀರನ್ನು ಕುದಿಯುವ ಹಂತಕ್ಕೆ ತರಲು ಅಷ್ಟು ಶಾಖ ಸಾಕು. ವೇಗವಾಗಿ ಇಳಿದರೆ ಇದರಲ್ಲಿ ಒಂದು ಪಾಲನ್ನು ಗಾಳಿಯ ತಡೆ ನುಂಗುತ್ತದೆ. ತಿರುವುಗಳಲ್ಲಿ ನಿಧಾನವಾಗಿ ಇಳಿಯುವವನ ಸೈಕಲ್ಲಿನಲ್ಲಿ ಬಹುಪಾಲು ಬ್ರೇಕಿಗೇ ಬೀಳುತ್ತದೆ. ರಿಮ್ ಬ್ರೇಕಿನಲ್ಲಿ ಈ ಶಾಖ ಟಯರು, ಟ್ಯೂಬುಗಳ ಪಕ್ಕದಲ್ಲಿಯೇ ಹುಟ್ಟುತ್ತದೆ. ಮಳೆ ಬಂದರೆ ರಿಮ್ ಜಾರುತ್ತದೆ. ಡಿಸ್ಕ್ ಬ್ರೇಕಿನಲ್ಲಾದರೋ ಚಕ್ರದ ನಡುವಿನಲ್ಲಿ, ಕೆಸರಿನಿಂದ ದೂರದಲ್ಲಿರುವ ಉಕ್ಕಿನ ತಟ್ಟೆಯೊಂದನ್ನು ಎರಡು ಪ್ಯಾಡುಗಳು ಹಿಡಿಯುತ್ತವೆ.

ಡಿಸ್ಕ್ ಬ್ರೇಕಿನಲ್ಲಿ ಎರಡು ಬಗೆ. ಕೇಬಲ್ ಎಳೆದು ಪ್ಯಾಡನ್ನು ಒತ್ತುವುದು ಒಂದು. ಕೊಳವೆಯಲ್ಲಿ ತುಂಬಿದ ದ್ರವದ ಒತ್ತಡದಿಂದ ಪಿಸ್ಟನ್ನುಗಳನ್ನು ನೂಕುವ ಹೈಡ್ರಾಲಿಕ್ ಇನ್ನೊಂದು. ಹೈಡ್ರಾಲಿಕ್ ಬ್ರೇಕಿಗೆ ಒಂದೇ ಬೆರಳಿನ ಬಲ ಸಾಕು. ಪ್ಯಾಡ್ ಸವೆದಂತೆ ಪಿಸ್ಟನ್ ತಾನೇ ಮುಂದಕ್ಕೆ ಬರುವುದರಿಂದ ಪದೇ ಪದೇ ತಿರುಪು ಬಿಗಿ ಮಾಡುವ ಗೋಜೂ ಇಲ್ಲ. ಹಾಗೆಂದು ಪ್ರತಿಯೊಬ್ಬ ಗಿರಾಕಿಗೂ ಅದನ್ನೇ ಕೊಡಬೇಕಾಗಿಲ್ಲ. ಊರಿನಿಂದ ಕಾಲೇಜಿಗೆ ಸಮತಟ್ಟಾದ ರಸ್ತೆಯಲ್ಲಿ ಹೋಗಿಬರುವ ವಿದ್ಯಾರ್ಥಿಗೆ ಕೇಬಲ್ ಡಿಸ್ಕ್ ಧಾರಾಳವಾಯಿತು; ಅದರ ಕೇಬಲ್ ತುಂಡಾದರೆ ಯಾವ ಅಂಗಡಿಯಲ್ಲಾದರೂ ಸಿಕ್ಕೀತು. ಘಟ್ಟ ಇಳಿಯುವವನಿಗೆ, ಭಾರ ಹೊರುವವನಿಗೆ ಮಾತ್ರ ಹೈಡ್ರಾಲಿಕ್ ತನ್ನ ಬೆಲೆಯನ್ನು ತೀರಿಸುತ್ತದೆ. ಅಂಥವನಿಗೆ ತಟ್ಟೆಯ ಅಳತೆಯೂ ಮುಖ್ಯ. 160, 180 ಹಾಗೂ 203 ಮಿಲಿಮೀಟರ್ ವ್ಯಾಸದ ತಟ್ಟೆಗಳು ರೂಢಿಯಲ್ಲಿವೆ. ದೊಡ್ಡದರ ಹಿಡಿತವೂ ಹೆಚ್ಚು, ಶಾಖ ಆರುವುದೂ ಬೇಗ. ಆದರೆ ಸೈಕಲ್ಲಿನ ಫೋರ್ಕ್ ಎಷ್ಟು ದೊಡ್ಡ ತಟ್ಟೆಗೆ ಒಪ್ಪಿತವೆಂಬುದನ್ನು ತಯಾರಕರ ಕೈಪಿಡಿಯಲ್ಲಿ ನೋಡಿಯೇ ಬದಲಿಸತಕ್ಕದ್ದು.

ಅತ್ಯಂತ ಹೆಚ್ಚು ತಪ್ಪು ನಡೆಯಬಹುದಾದ ಜಾಗ ಬ್ರೇಕ್ ದ್ರವ. ಸೈಕಲ್ ಬ್ರೇಕುಗಳಲ್ಲಿ ಎರಡು ಜಾತಿಯ ದ್ರವಗಳು ಬಳಕೆಯಲ್ಲಿವೆ. ಶಿಮಾನೋ, ಟೆಕ್ಟ್ರೋ, ಮಗುರಾ ಬ್ರೇಕುಗಳು ಮಿನರಲ್ ಆಯಿಲ್‌ನಿಂದ ನಡೆಯುವಂಥವು. ಹೋಪ್ ಬ್ರೇಕುಗಳಲ್ಲಿ ಡಾಟ್ ದ್ರವ. ಸ್ರಾಮ್ ಕಂಪನಿಯೂ ಬಹುಕಾಲ ಡಾಟ್ ದ್ರವವನ್ನೇ ನೆಚ್ಚಿತ್ತು. 2022ರ ಡಿಬಿ8, 2024ರ ಮೇವನ್ ಮಾದರಿಗಳಲ್ಲಿ ಅದೂ ಮಿನರಲ್ ಆಯಿಲ್‌ಗೆ ಬಂದಿದೆ. ಆದುದರಿಂದ ಕಂಪನಿಯ ಹೆಸರೊಂದನ್ನೇ ನೋಡಿ ದ್ರವವನ್ನು ನಿರ್ಧರಿಸುವುದು ಅಪಾಯ. ಬ್ರೇಕಿನ ಮೇಲೆ ಅಚ್ಚಾಗಿರುವುದನ್ನು ಓದಬೇಕು. ಈ ಎರಡು ದ್ರವಗಳಿಗೆ ತಕ್ಕಂತೆ ಒಳಗಿನ ಸೀಲುಗಳ ರಬ್ಬರೂ ಬೇರೆ ಬೇರೆ. ಮೋಟಾರ್ ಸೈಕಲ್ ಬಿಡಿಭಾಗಗಳ ಅಂಗಡಿಯಲ್ಲಿ ಸುಲಭವಾಗಿ ಸಿಗುವ ಡಾಟ್ 3 ಅಥವಾ ಡಾಟ್ 4 ಬಾಟಲಿಯನ್ನು ತಂದು ಮಿನರಲ್ ಆಯಿಲ್ ಬ್ರೇಕಿಗೆ ಸುರಿದರೆ, ಆ ಕ್ಷಣಕ್ಕೆ ಬ್ರೇಕ್ ಹಿಡಿಯುವಂತೆಯೇ ತೋರುತ್ತದೆ. ದಿನಗಳೆದಂತೆ ಸೀಲು ಊದಿಕೊಂಡು ಪಿಸ್ಟನ್ ಸಿಕ್ಕಿಬೀಳುತ್ತದೆ ಅಥವಾ ದ್ರವ ಸೋರುತ್ತದೆ. ಆಮೇಲೆ ಇಡೀ ಬ್ರೇಕನ್ನೇ ಬದಲಿಸದೆ ಗತ್ಯಂತರವಿಲ್ಲ. ಅದು ಅಂಗಡಿಯ ಮುಂದೆ ಕೆಟ್ಟರೆ ಹಣದ ನಷ್ಟ, ದಿಂಬಂ ತಿರುವಿನಲ್ಲಿ ಕೆಟ್ಟರೆ ಜೀವದ ಪ್ರಶ್ನೆ.

ಡಾಟ್ ದ್ರವಕ್ಕೆ ಗಾಳಿಯಲ್ಲಿನ ತೇವವನ್ನು ಹೀರುವ ಗುಣವಿದೆ. ಹೊಸ ಡಾಟ್ 4 ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬುದು ಮಾನದಂಡ. ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಡಾಟ್ 5.1ಕ್ಕೆ ಈ ಅಂಕಿಗಳು 260 ಮತ್ತು 180. ದ್ರವ ಕುದಿದರೆ ಆವಿಯ ಗುಳ್ಳೆಗಳೇಳುತ್ತವೆ. ಆವಿ ಕುಗ್ಗುವ ಪದಾರ್ಥವಾದುದರಿಂದ ಬ್ರೇಕ್ ಹಿಡಿ ಹ್ಯಾಂಡಲ್‌ಗೆ ತಾಗಿದರೂ ಚಕ್ರ ನಿಲ್ಲುವುದಿಲ್ಲ. ಆದ್ದರಿಂದ ಡಾಟ್ ದ್ರವವನ್ನು ವರ್ಷಕ್ಕೊಮ್ಮೆ ಬದಲಿಸುವುದು ವಾಡಿಕೆ. ಮಿನರಲ್ ಆಯಿಲ್ ತೇವ ಹೀರುವುದಿಲ್ಲ. ಆದರೆ ಒಳಹೊಕ್ಕ ನೀರು ಅದರಲ್ಲಿ ಬೆರೆಯದೆ ಕೆಳಗಿನ ಕ್ಯಾಲಿಪರ್‌ನಲ್ಲಿ, ಅಂದರೆ ಶಾಖ ಹೆಚ್ಚಿರುವಲ್ಲಿಯೇ ನಿಲ್ಲುತ್ತದೆ. ಬಣ್ಣ ಕಂದಿದ ಎಣ್ಣೆಯನ್ನು ತೆಗೆದು ಹೊಸದನ್ನು ತುಂಬತಕ್ಕದ್ದು. ಹಿಡಿ ಮೆತ್ತಗಾಗಿದ್ದರೆ ಒಳಗೆ ಗಾಳಿ ಸೇರಿದೆಯೆಂದು ತಿಳಿದು ‘ಬ್ಲೀಡಿಂಗ್’ ಮಾಡಬೇಕು.

ನಿರ್ವಹಣೆಯಲ್ಲಿ ನಮ್ಮ ಅಂಗಡಿಗಳ ಒಂದು ಹಳೆಯ ರೂಢಿಯನ್ನು ಕೈಬಿಡಲೇಬೇಕು. ಎಲ್ಲಿ ಕಿರುಗುಟ್ಟಿದರೂ ಎರಡು ಹನಿ ಎಣ್ಣೆ ಬಿಡುವುದು ಆ ರೂಢಿ. ಡಿಸ್ಕಿಗೆ ತಾಗಿದ ಎಣ್ಣೆ ಪ್ಯಾಡಿನೊಳಗೆ ಇಳಿದರೆ ಆ ಪ್ಯಾಡ್ ಬಹುಮಟ್ಟಿಗೆ ಎಸೆಯಲಷ್ಟೇ ಯೋಗ್ಯ. ತಟ್ಟೆಯನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಮತ್ತು ಶುಭ್ರ ಬಟ್ಟೆಯಿಂದ ಒರೆಸಬೇಕು, ಬರಿಗೈಯಿಂದ ಮುಟ್ಟಬಾರದು. ಚಕ್ರ ಕಳಚಿದಾಗ ಹಿಡಿಯನ್ನು ಒತ್ತಿದರೆ ಪಿಸ್ಟನ್ನುಗಳು ಹೊರಬಂದು ಪ್ಯಾಡುಗಳು ಅಂಟಿಕೊಳ್ಳುವುದರಿಂದ ನಡುವೆ ಪ್ಲಾಸ್ಟಿಕ್ ತುಂಡೊಂದನ್ನು ಸಿಕ್ಕಿಸಿಡುವುದು ಕ್ಷೇಮ. ಶಿಮಾನೋ ಪ್ಯಾಡಿನ ಪದರ ಅರ್ಧ ಮಿಲಿಮೀಟರ್‌ಗೆ ಇಳಿದರೆ ಬದಲಿಸಬೇಕು. ‘ರೆಸಿನ್ ಪ್ಯಾಡ್ ಮಾತ್ರ’ ಎಂದು ಇಂಗ್ಲಿಷಿನಲ್ಲಿ ಕೆತ್ತಿರುವ ತಟ್ಟೆಗೆ ಲೋಹದ ಪ್ಯಾಡ್ ಹಾಕಿದರೆ ತಟ್ಟೆಯೇ ಬೇಗ ಸವೆದುಹೋಗುತ್ತದೆ. ಹೊಸ ಪ್ಯಾಡನ್ನು ಹಾಕಿದ ಮೇಲೆ ಸಮತಟ್ಟಾದ ಜಾಗದಲ್ಲಿ ಇಪ್ಪತ್ತು ಬಾರಿಯಾದರೂ ವೇಗ ತಗ್ಗಿಸಿ ಪಳಗಿಸದೆ ಗಿರಾಕಿಗೆ ಒಪ್ಪಿಸುವುದು ಸರಿಯಲ್ಲ.

ಈ ಎಚ್ಚರಿಕೆ ಕೇವಲ ಕಸುಬಿನ ಅಚ್ಚುಕಟ್ಟಿಗಾಗಿ ಅಲ್ಲ. 2020ರ ಜುಲೈ 20ರಂದು ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರ 6ನೆಯ ಅಧ್ಯಾಯವು ಉತ್ಪನ್ನ ಹೊಣೆಗಾರಿಕೆಯನ್ನು ವಿಧಿಸಿದೆ. ತಾನು ತಯಾರಿಸದ ಸರಕನ್ನು ಮಾರಿದವನು ಕೂಡ ಅದರ ಜೋಡಣೆ, ಪರಿಶೀಲನೆ, ನಿರ್ವಹಣೆಗಳಲ್ಲಿ ತಕ್ಕ ಎಚ್ಚರ ವಹಿಸದೆ ಗ್ರಾಹಕನಿಗೆ ಹಾನಿಯಾದರೆ 86ನೆಯ ಕಲಮಿನ ಮೇರೆಗೆ ಹೊಣೆಯಾಗುತ್ತಾನೆ. ರಿಪೇರಿ ಮಾಡಿಕೊಟ್ಟವನಿಗೆ 85ನೆಯ ಕಲಮು ಅನ್ವಯ. ಅರ್ಧಂಬರ್ಧ ಜೋಡಿಸಿದ ಸ್ಥಿತಿಯಲ್ಲಿ ಪೆಟ್ಟಿಗೆಯಲ್ಲಿ ಬರುವ ಸೈಕಲ್ಲನ್ನು ಅಂಗಡಿಯಲ್ಲೇ ಜೋಡಿಸಿ ಮಾರುವ ವರ್ತಕರು ಇದನ್ನು ಗಮನಿಸಬೇಕು. ಯಾವ ದ್ರವ, ಯಾವ ದಿನ, ಯಾರು ತುಂಬಿದರು ಎಂಬುದನ್ನು ಜಾಬ್ ಕಾರ್ಡಿನಲ್ಲಿ ಬರೆದು ಒಂದು ಪ್ರತಿಯನ್ನು ಗಿರಾಕಿಗೂ ಕೊಡುವುದು ಒಳ್ಳೆಯ ರಕ್ಷಣೆ.

ಸಣ್ಣ ಅಂಗಡಿಗಳು ಎರಡೂ ಜಾತಿಯ ಬ್ರೇಕುಗಳನ್ನು ಮಾರಲು ಹೊರಟರೆ ಎರಡು ಬ್ಲೀಡಿಂಗ್ ಕಿಟ್, ಎರಡು ದ್ರವ, ಎರಡು ಪಟ್ಟು ಪ್ಯಾಡಿನ ದಾಸ್ತಾನು ಇಡಬೇಕಾಗುತ್ತದೆ. ಬಂಡವಾಳ ಕಟ್ಟಿಬೀಳುವುದರ ಜೊತೆಗೆ ಒಂದರ ಸಿರಿಂಜು ಇನ್ನೊಂದಕ್ಕೆ ಹೋಗುವ ಭಯ. ಮಿನರಲ್ ಆಯಿಲ್ ಬ್ರೇಕುಗಳಿಗಷ್ಟೇ ಸೀಮಿತವಾಗಿ, ಅದರಲ್ಲೂ ಪ್ಯಾಡು ಮೈಸೂರಿನಲ್ಲಿ ಸಿಗುವ ಒಂದೆರಡು ಮಾದರಿಗಳನ್ನಷ್ಟೇ ಮಾರುವುದು ಜಿಲ್ಲೆಯ ವರ್ತಕರಿಗೆ ಹೆಚ್ಚು ಲಾಭಕರ.

ಲೆಕ್ಕದ ಎರಡು ಅಂಶಗಳು ಉಳಿದಿವೆ. ಸೈಕಲ್ ಮತ್ತು ಅದರ ಬಿಡಿಭಾಗಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 12ರ ಬದಲು ಶೇ. 5 ಆಗಿದೆ, ಬ್ರೇಕ್ ದ್ರವವು ಬಿಡಿಭಾಗವಲ್ಲವಾದ್ದರಿಂದ ಅದರ ದರ ಬೇರೆ, ಖರೀದಿ ಬಿಲ್ಲಿನಲ್ಲಿರುವ ಎಚ್‌ಎಸ್‌ಎನ್ ಸಂಖ್ಯೆಯನ್ನು ನೋಡಿಯೇ ಬಿಲ್ ಮಾಡಬೇಕು. ಎರಡನೆಯದು ಇನ್ನೂ ಮುಖ್ಯ. ಕೇವಲ ಸರಕು ಮಾರುವವರಿಗೆ ನೋಂದಣಿಯ ಮಿತಿ ವಾರ್ಷಿಕ 40 ಲಕ್ಷ ರೂಪಾಯಿ ವಹಿವಾಟು. ಬ್ಲೀಡಿಂಗ್ ಮುಂತಾದ ಕೆಲಸಕ್ಕೆ ಕೂಲಿ ಪಡೆಯಲಾರಂಭಿಸಿದರೆ ಅದು ಸೇವೆಯಾಗುತ್ತದೆ. ಆಗ ಸರಕು ಮತ್ತು ಸೇವೆ ಸೇರಿದ ಒಟ್ಟು ವಹಿವಾಟಿಗೆ 20 ಲಕ್ಷದ ಮಿತಿ ಅನ್ವಯಿಸುತ್ತದೆ. 2025ರ ಜುಲೈನಲ್ಲಿ ಯುಪಿಐ ಜಮೆಗಳ ಆಧಾರದ ಮೇಲೆ ರಾಜ್ಯದ ಅನೇಕ ಸಣ್ಣ ವರ್ತಕರಿಗೆ ನೋಟಿಸು ಬಂದುದನ್ನು ಬಲ್ಲವರು, ಸರ್ವಿಸ್ ವಿಭಾಗ ತೆರೆಯುವ ಮುನ್ನವೇ ತಮ್ಮ ವಹಿವಾಟು ಈ ಮಿತಿಯೊಳಗಿದೆಯೇ ಎಂದು ಲೆಕ್ಕ ಹಾಕಿಸಿಕೊಳ್ಳುವುದು ಲೇಸು.