ಗದ್ದೆಗೆ ಹಾಕಿದ ಯೂರಿಯಾ ಗಾಳಿಗೆ ಹೋಗುವ ಬಗೆ

ಕಳೆದ ಸುಗ್ಗಿ ಬೆಳೆಯ ಕಾಲದಲ್ಲಿ ನಮ್ಮ ಬೈಲಿನ ನೆರೆಯವರೊಬ್ಬರು ಬಂದು, “ಮಾಷ್ಟ್ರೇ, ಯೂರಿಯಾ ಹಾಕಿ ಹದಿನೈದು ದಿನವಾಯಿತು, ಪೈರು ಹಳದಿಯಾಗಿಯೇ ಉಂಟು. ಗೊಬ್ಬರವೇ ಖೊಟ್ಟಿಯೋ ಹೇಗೆ?” ಎಂದರು. ಅವರೊಂದಿಗೇ ತಂದ ಗೊಬ್ಬರವನ್ನು ನಾನೂ ಹಾಕಿದ್ದೆ; ಕೆರೆಯ ನೀರಿದ್ದ ನನ್ನ ಗದ್ದೆ ಹಸುರಾಗಿತ್ತು. ಅವರು ಯೂರಿಯಾ ಎರಚಿದ ಮರುದಿನ ತೋಡಿನ ಕಟ್ಟ ಒಡೆದಿತ್ತು. ಹತ್ತು ದಿನ ಗದ್ದೆ ಒಣಗಿ ಬಿರಿಯಿತು. ಕಟ್ಟ ಸರಿಪಡಿಸಿದ ಮೇಲೆ ಗದ್ದೆ ತುಂಬ ನೀರು ನಿಲ್ಲಿಸಿದರು. ಗೊಬ್ಬರ ಹೋದದ್ದು ಆಗ.

ಯೂರಿಯಾದಲ್ಲಿ ನೂರಕ್ಕೆ 46 ಪಾಲು ಸಾರಜನಕ. 45 ಕಿಲೋ ಚೀಲವೊಂದರಲ್ಲಿ ಸುಮಾರು 20 ಕಿಲೋ 700 ಗ್ರಾಂ ಎಂದಾಯಿತು. ಇದು ಮಣ್ಣಿನಲ್ಲಿ ಮೊದಲು ಅಮೋನಿಯಂ ಆಗುತ್ತದೆ. ನೀರು ನಿಂತ ಕೆಸರಿನ ಆಳದಲ್ಲಿ ಅದು ಹಾಗೆಯೇ ಉಳಿದೀತು. ಗದ್ದೆ ಒಣಗಿ ಗಾಳಿ ಒಳಹೊಕ್ಕಿತೆಂದರೆ ಕೆಲವು ಸೂಕ್ಷ್ಮಜೀವಿಗಳು ಅದನ್ನು ನೈಟ್ರೇಟ್ ಮಾಡಿಬಿಡುತ್ತವೆ. ಮತ್ತೆ ನೀರು ನಿಂತಾಗ ಮಣ್ಣಿನ ಆಮ್ಲಜನಕ ಮುಗಿಯುತ್ತದೆ. ಆಗ ಬೇರೊಂದು ಜಾತಿಯ ಸೂಕ್ಷ್ಮಜೀವಿಗಳು ಆಮ್ಲಜನಕದ ಬದಲು ನೈಟ್ರೇಟನ್ನೇ ಉಸಿರಾಟಕ್ಕೆ ಬಳಸುತ್ತವೆ. ನಮ್ಮ ಗೊಬ್ಬರ ಅವುಗಳಿಗೆ ಉಸಿರು!

ಈ ಕೆಲಸ ಮೆಟ್ಟಿಲು ಮೆಟ್ಟಿಲಾಗಿ ಸಾಗುತ್ತದೆ. ನೈಟ್ರೇಟ್ ಮೊದಲು ನೈಟ್ರೈಟ್ ಆಗುತ್ತದೆ. ಮುಂದಿನದೇ ಮುಖ್ಯವಾದ ಮೆಟ್ಟಿಲು: ನೈಟ್ರೈಟ್ ರಿಡಕ್ಟೇಸ್ ಎಂಬ ಕಿಣ್ವವು ನೈಟ್ರೈಟನ್ನು ನೈಟ್ರಿಕ್ ಆಕ್ಸೈಡ್ ಎಂಬ ಅನಿಲವಾಗಿ ಮಾರ್ಪಡಿಸುತ್ತದೆ. ಇಲ್ಲಿಯವರೆಗೆ ನೀರಿನಲ್ಲಿ ಕರಗಿದ್ದ ಗೊಬ್ಬರ ಇಲ್ಲಿಂದ ಮುಂದೆ ಗಾಳಿಯ ಪಾಲು. ಈ ಕಿಣ್ವ ಎರಡು ಬಗೆಯದು. ಒಂದರಲ್ಲಿ ಕಬ್ಬಿಣವಿದೆ, ಇನ್ನೊಂದರಲ್ಲಿ ತಾಮ್ರ, ಕೆಲಸ ಒಂದೇ. ನೈಟ್ರಿಕ್ ಆಕ್ಸೈಡ್ ಆ ಜೀವಿಗೂ ವಿಷವಾದುದರಿಂದ ಮತ್ತೊಂದು ಕಿಣ್ವ ಅದನ್ನು ಕೂಡಲೇ ನೈಟ್ರಸ್ ಆಕ್ಸೈಡ್ ಮಾಡುತ್ತದೆ. ಕೊನೆಗೆ ಬರಿಯ ಸಾರಜನಕವಾಗಿ ಆಕಾಶ ಸೇರುತ್ತದೆ. (ಇದೇ ನೈಟ್ರಿಕ್ ಆಕ್ಸೈಡ್ ನಮ್ಮ ರಕ್ತನಾಳಗಳನ್ನು ಸಡಿಲಿಸುವುದನ್ನು ಕಂಡುಹಿಡಿದವರಿಗೆ 1998ರಲ್ಲಿ ನೊಬೆಲ್ ಬಹುಮಾನ ಬಂತು. ಅದು ಬೇರೆಯೇ ಪಾಠ.)

ಎಲ್ಲ ಹಳದಿಯೂ ಇದೇ ಎನ್ನಬಾರದು. ಕೆಳಗಿನ ಹಳೆಯ ಎಲೆಗಳು ಮೊದಲು ಹಳದಿಯಾದರೆ ಸಾರಜನಕದ ಕೊರತೆಯೆಂದು ಸಂಶಯಪಡಬಹುದು.

ಆ ಕಿಣ್ವವನ್ನು ತಡೆಯುವುದು ನಮ್ಮಿಂದಾಗದು. ನೈಟ್ರೇಟ್ ಆಗದಂತೆ ನೋಡಿಕೊಳ್ಳಬಹುದು. ನಾಟಿಗೆ ಮುಂಚಿನ ಯೂರಿಯಾವನ್ನು ಕೊನೆಯ ಉಳುಮೆಯಲ್ಲಿ ಕೆಸರಿನೊಳಗೆ ಸೇರಿಸಬೇಕು. ನಿಂತ ನೀರಿನ ಮೇಲೆ ಎರಚಿದರೆ ಅಮೋನಿಯಾ ಆಗಿಯೂ ಹಾರೀತು. ಮೇಲುಗೊಬ್ಬರಕ್ಕೆ ನೀರು ಬಸಿದು, ಹಸಿ ಮಣ್ಣಿಗೆ ಹಾಕಿ, ಒಂದೆರಡು ದಿನಗಳಲ್ಲಿ ನೀರು ಕಟ್ಟತಕ್ಕದ್ದು. ಬಿರಿಯುವವರೆಗೆ ಬಿಡತಕ್ಕದ್ದಲ್ಲ. ಬೇವು ನೈಟ್ರೇಟ್ ಮಾಡುವ ಜೀವಿಗಳನ್ನು ನಿಧಾನಗೊಳಿಸುತ್ತದೆ. ಈಗ ಯೂರಿಯಾಕ್ಕೆ ಬೇವಿನೆಣ್ಣೆ ಸವರಿಯೇ ಬರುತ್ತದೆ. ಹಾಗೆಂದು ಹತ್ತು ದಿನದ ಬಿಸಿಲಿಗೆ ಅದನ್ನೇ ನಂಬುವುದು ಹೆಚ್ಚಾಯಿತು.

ನೆರೆಯವರು ಅಂದೇ ಮತ್ತೊಂದು ಚೀಲ ತರಲು ಹೊರಟಿದ್ದರು. ನಾನು ತಡೆದೆ. ಕಟ್ಟ ನಿಂತು ನೀರು ಒಂದೇ ಸಮ ಬರುವುದು ಖಾತ್ರಿಯಾದ ಮೇಲೆ, ತೆನೆ ಹುಟ್ಟುವ ಮುನ್ನ, ಸ್ವಲ್ಪವೇ ಹಾಕಿದರು.