ಮಧ್ಯಾಹ್ನ ಎಂದರೆ ಎಷ್ಟು ಗಂಟೆ?

ತೀರ್ಥಹಳ್ಳಿ ತಾಲ್ಲೂಕಿನ ಕವಲೇದುರ್ಗ ಕೆಳದಿ ನಾಯಕರ ಕೋಟೆ. ಶಾಲಾ ಪ್ರವಾಸಕ್ಕೆ ಹೋದ ಮಕ್ಕಳಿಗೆ ಗೊತ್ತು: ಕಲ್ಲು ಹಾಸಿದ ದಾರಿ ಹತ್ತಿ, ಒಂದಾದ ಮೇಲೊಂದು ಬಾಗಿಲು ದಾಟಿ, ತುದಿಯ ಶಿಖರೇಶ್ವರ ಗುಡಿ ಮುಟ್ಟುವಷ್ಟರಲ್ಲಿ ಹೊಟ್ಟೆ ಚುರುಗುಟ್ಟುತ್ತದೆ. ಆಗ ಯಾರೋ ಗಡಿಯಾರ ನೋಡಿ “ಹನ್ನೆರಡು ಗಂಟೆ, ಸರಿಯಾಗಿ ಮಧ್ಯಾಹ್ನ” ಅನ್ನುತ್ತಾರೆ. ಸೂರ್ಯ ಮಾತ್ರ ಒಪ್ಪುವುದಿಲ್ಲ. ಕವಲೇದುರ್ಗದಲ್ಲಿ ಅವನು ಏರಿನ ತುದಿ ತಲುಪಲು ಇನ್ನೂ ಸುಮಾರು ಅರ್ಧ ಗಂಟೆ ಬೇಕು.

ನಮ್ಮ ಗಡಿಯಾರಗಳು ನಡೆಯುವುದು ಮಿರ್ಜಾಪುರದ ಹತ್ತಿರ ಹಾದುಹೋಗುವ 82½ ಡಿಗ್ರಿ ಪೂರ್ವ ರೇಖಾಂಶದ ಲೆಕ್ಕದಲ್ಲಿ. ಈ ಭಾರತೀಯ ಕಾಲಮಾನ ಜಾರಿಗೆ ಬಂದದ್ದು 1906ರಲ್ಲಿ. ಕವಲೇದುರ್ಗ ಇರುವುದು 75 ಡಿಗ್ರಿಯ ಆಸುಪಾಸಿನಲ್ಲಿ. ಒಂದು ಡಿಗ್ರಿ ಪಶ್ಚಿಮಕ್ಕೆ ಹೋದರೆ ಸೂರ್ಯ 4 ನಿಮಿಷ ತಡ. ಗುಣಿಸಿ ನೋಡಿ. ಈ ತಡವೂ ವರ್ಷವಿಡೀ ಒಂದೇ ಸಮ ಇರುವುದಿಲ್ಲ: ನವೆಂಬರ್ ಆರಂಭದಲ್ಲಿ ಅಲ್ಲಿಯ ನಡುಹಗಲು ಸುಮಾರು 12.13ಕ್ಕೆ, ಫೆಬ್ರುವರಿ ನಡುವೆ ಸುಮಾರು 12.44ಕ್ಕೆ.

ಹಾಗಾದರೆ ಪದ ಏನು ಹೇಳುತ್ತದೆ? ಮಧ್ಯ ಎಂದರೆ ನಡು, ಅಹ್ನ ಎಂದರೆ ಹಗಲು. ಎರಡೂ ಸೇರಿ ಮಧ್ಯಾಹ್ನ. ಹನ್ನೆರಡರ ಸುದ್ದಿಯೇ ಅದರಲ್ಲಿಲ್ಲ! ಕನ್ನಡದ್ದೇ ಆದ ‘ನಡುಹಗಲು’ ಹೇಳುವುದೂ ಇದನ್ನೇ. ಹಿಂದಿನವರು ಹಗಲನ್ನು ಐದು ಪಾಲು ಮಾಡಿದ್ದರು: ಪ್ರಾತಃಕಾಲ, ಸಂಗವ, ಮಧ್ಯಾಹ್ನ, ಅಪರಾಹ್ನ, ಸಾಯಾಹ್ನ. ಸಂಗವ ಎಂದರೆ ಹಾಲು ಕರೆಯಲು ಹಸುಗಳನ್ನು ಒಟ್ಟುಗೂಡಿಸುವ ಹೊತ್ತು. ಎಷ್ಟು ಚೆಂದದ ಹೆಸರು, ಈಗ ಯಾರೂ ಬಳಸುವುದಿಲ್ಲ. ಹಗಲು 12 ಗಂಟೆಯದಾದರೆ ಒಂದೊಂದು ಪಾಲು 2 ಗಂಟೆ 24 ನಿಮಿಷ. ನಡುವಿನ ಪಾಲೇ ಮಧ್ಯಾಹ್ನ. ಆರಕ್ಕೆ ಹುಟ್ಟಿ ಆರಕ್ಕೆ ಮುಳುಗುವ ಸೂರ್ಯನ ಲೆಕ್ಕದಲ್ಲಿ ಅದು 10.48ರಿಂದ 1.12ರವರೆಗೆ, ಕವಲೇದುರ್ಗದ ಗಡಿಯಾರದಲ್ಲಿ ಹೆಚ್ಚುಕಡಿಮೆ ಅರ್ಧ ಗಂಟೆ ಮುಂದೆ. ಅಜ್ಜ ಹನ್ನೊಂದೂವರೆಗೇ “ಮಧ್ಯಾಹ್ನವಾಯ್ತು, ಕೈಕಾಲು ತೊಳೀರಿ” ಅಂದರೆ ನಗಬೇಡಿ ಮಕ್ಕಳೇ, ಲೆಕ್ಕ ಅವರ ಕಡೆಗಿದೆ.

ಮಾತಿನಲ್ಲಿ ಈ ಪದ ಇನ್ನೂ ಹಿಗ್ಗಿದೆ. “ಮಧ್ಯಾಹ್ನ ಮೂರು ಗಂಟೆ ಬಸ್ಸು” ಎನ್ನುತ್ತೇವೆ. ಅದಕ್ಕೇ ಸುಡುಬಿಸಿಲಿನ ಆ ಹೊತ್ತನ್ನೇ ಹೇಳಬೇಕಾದಾಗ ‘ಮಟಮಟ ಮಧ್ಯಾಹ್ನ’ ಬೇಕಾಯಿತು. ಇಂಗ್ಲಿಷಿನ ‘ನೂನ್’ ಹಿಂದಕ್ಕೆ ಜಾರಿದ ಪದ. ಅದರ ಮೂಲದ ಲ್ಯಾಟಿನ್ ಪದಕ್ಕೆ ಒಂಬತ್ತನೆಯದು ಎಂದು ಅರ್ಥ. ಸೂರ್ಯೋದಯದಿಂದ ಎಣಿಸಿದ ಒಂಬತ್ತನೇ ಗಂಟೆ, ಅಂದರೆ ಸುಮಾರು ಮೂರು ಗಂಟೆ. ಅದು ಬರಬರುತ್ತ ಹನ್ನೆರಡಕ್ಕೆ ಬಂದು ನಿಂತಿತು. ಇನ್ನು ‘ಶುಭ ಮಧ್ಯಾಹ್ನ’ ಎಂಬ ಹೊಸ ವಂದನೆ ನನ್ನ ನಾಲಿಗೆಗೆ ಇನ್ನೂ ಒಗ್ಗಿಲ್ಲ. ಆ ಹೊತ್ತಿಗೆ “ಊಟ ಆಯ್ತಾ?” ಎಂಬುದೇ ಸಾಕು.

ಉಕ್ತಲೇಖನದಲ್ಲಿ ಅಂಕ ಕಳೆಯುವ ಪದವೂ ಇದೇ. ‘ಮಧ್ಯಾನ’ ಎಂದು ಆಡಿದರೆ ತಪ್ಪೇನಿಲ್ಲ, ಮನೆಯಲ್ಲಿ ಎಲ್ಲರೂ ಹಾಗೆಯೇ ಆಡುವುದು. ಬರೆಯುವಾಗ ಮಾತ್ರ ‘ಹ’ ಮೇಲೆ, ‘ನ’ ಕೆಳಗೆ: ಚಿಹ್ನೆ, ಜಾಹ್ನವಿ ಇದ್ದ ಹಾಗೆ. ತಿರುಗಿಸಿ ‘ನ್ಹ’ ಮಾಡಿದರೆ ಹಗಲು ಎಂಬ ಅರ್ಥದ ‘ಅಹ್ನ’ವೇ ಮಾಯ. ‘ಧ್ಯ’ ಹೋಗಿ ‘ದ್ಯ’ ಬಂದರಂತೂ ಕೇಳಲೇಬೇಡಿ. ‘ಮದ್ಯ’ ಎಂದರೆ ಹೆಂಡ!

ಬಿಸಿಲಿರುವ ದಿನ ಅಂಗಳದಲ್ಲಿ ಒಂದು ಕೋಲನ್ನು ನೆಟ್ಟಗೆ ನೆಡಿ. ಹನ್ನೊಂದೂವರೆಯಿಂದ ಐದೈದು ನಿಮಿಷಕ್ಕೆ ನೆರಳಿನ ತುದಿಯಲ್ಲಿ ಕಲ್ಲಿಡಿ. ನೆರಳು ಅತಿ ಗಿಡ್ಡವಾದ ಗಳಿಗೆಯೇ ನಿಮ್ಮೂರಿನ ನಡುಹಗಲು. ಅಜ್ಜಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಗಡಿಯಾರದ ಜೊತೆ ತಾಳೆ ನೋಡಿ. ಕವಲೇದುರ್ಗದ ಸುತ್ತಮುತ್ತಲಲ್ಲಿ ಏಪ್ರಿಲ್ ಕೊನೆಯ ವಾರದಲ್ಲೊಂದು ದಿನ, ಹನ್ನೆರಡೂವರೆಯ ಹತ್ತಿರ, ಕೋಲಿಗೆ ನೆರಳೇ ಇರುವುದಿಲ್ಲ. ಆಗಸ್ಟ್ ನಡುವೆಯೂ ಅಂಥದೇ ಇನ್ನೊಂದು ದಿನವಿದೆ. ಆದರೆ ಆ ಮಳೆಯಲ್ಲಿ ಮಲೆನಾಡಿಗೆ ಸೂರ್ಯ ಸಿಗಬೇಕಲ್ಲ!