ಗಣಕಯಂತ್ರದ ಆಪರೇಟಿಂಗ್ ಸಿಸ್ಟಂ: ಮೇಲ್ದರ್ಜೆಗೇರಿಸುವುದೇ, ಹೊಸದಾಗಿ ಅಳವಡಿಸುವುದೇ?

ಕಾರವಾರ ಮತ್ತು ಅಂಕೋಲಾ ತಾಲ್ಲೂಕುಗಳ ಅರ್ಜಿದಾರರಿಗೆ ಮಾಹಿತಿ

ಪೀಠಿಕೆ

ಜಾತಿ ಮತ್ತು ಆದಾಯ ಪ್ರಮಾಣಪತ್ರ, ಪಹಣಿ, ವಿದ್ಯಾರ್ಥಿವೇತನ ಮುಂತಾದ ಹಲವು ಸೇವೆಗಳಿಗೆ ನಾಗರಿಕರು ಮನೆಯ ಗಣಕಯಂತ್ರದಿಂದಲೇ ಅರ್ಜಿ ಸಲ್ಲಿಸಬಹುದಾಗಿದೆ. ಕರಾವಳಿಯ ಈ ಎರಡು ತಾಲ್ಲೂಕುಗಳಲ್ಲಿ ಈ ಸೌಲಭ್ಯದ ಮಹತ್ವ ಇನ್ನೂ ಹೆಚ್ಚು. 16 ಜುಲೈ 2024ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸಂಚಾರ ಸ್ಥಗಿತಗೊಂಡಿತು. ಅದೇ ವರ್ಷ 7 ಆಗಸ್ಟ್‌ನಂದು ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ರಸ್ತೆ ಸಂಪರ್ಕ ಕಡಿದಾಗ ಕಚೇರಿಗೆ ತೆರಳದೆ ಅರ್ಜಿ ಸಲ್ಲಿಸಲು ಸುಸ್ಥಿತಿಯಲ್ಲಿರುವ ಗಣಕಯಂತ್ರವು ನೆರವಾಗುತ್ತದೆ.

ವಿಂಡೋಸ್ 10 ಆಪರೇಟಿಂಗ್ ಸಿಸ್ಟಂಗೆ ಮೈಕ್ರೋಸಾಫ್ಟ್ ಸಂಸ್ಥೆಯು ನೀಡುತ್ತಿದ್ದ ಸಾಮಾನ್ಯ ಬೆಂಬಲವು 14 ಅಕ್ಟೋಬರ್ 2025ರಂದು ಕೊನೆಗೊಂಡಿದೆ. ವಿಂಡೋಸ್ 7ರ ಬೆಂಬಲ 14 ಜನವರಿ 2020ರಂದೂ, ವಿಂಡೋಸ್ ಎಕ್ಸ್‌ಪಿಯ ಬೆಂಬಲ 8 ಏಪ್ರಿಲ್ 2014ರಂದೂ ಮುಗಿದಿವೆ. ಬೆಂಬಲ ಮುಗಿದ ಯಂತ್ರವು ಕೂಡಲೇ ನಿಲ್ಲುವುದಿಲ್ಲ. ಆದರೆ ಭದ್ರತಾ ತಿದ್ದುಪಡಿಗಳು ಬಾರದ ಕಾರಣ ಬ್ಯಾಂಕ್ ವ್ಯವಹಾರ ಹಾಗೂ ಆಧಾರ್ ಆಧಾರಿತ ಸೇವೆಗಳಿಗೆ ಅದನ್ನು ಬಳಸುವುದು ಅಪಾಯಕರ. ಆದುದರಿಂದ ಅನೇಕರು ಯಂತ್ರವನ್ನು ದುರಸ್ತಿ ಅಂಗಡಿಗೆ ಒಯ್ಯುತ್ತಿದ್ದು, ಅಲ್ಲಿ ಕೇಳಲಾಗುವ ಮೊದಲ ಪ್ರಶ್ನೆ, "ಅಪ್‌ಗ್ರೇಡ್ ಮಾಡಬೇಕೋ, ಫಾರ್ಮ್ಯಾಟ್ ಮಾಡಬೇಕೋ?" ಎಂಬುದು. ಈ ಪ್ರಶ್ನೆಗೆ ತಿಳಿದು ಉತ್ತರಿಸಲು ನೆರವಾಗುವುದು ಈ ಮಾಹಿತಿಯ ಉದ್ದೇಶವಾಗಿದೆ.

ಎರಡು ವಿಧಾನಗಳ ವ್ಯತ್ಯಾಸ

ಮೇಲ್ದರ್ಜೆಗೇರಿಸುವುದು: ಹಳೆಯ ವ್ಯವಸ್ಥೆಯ ಜಾಗದಲ್ಲಿ ಹೊಸ ಆವೃತ್ತಿಯನ್ನು ಕೂರಿಸಲಾಗುತ್ತದೆ. ಕಡತಗಳು, ತಂತ್ರಾಂಶಗಳು, ಅಕ್ಷರಶೈಲಿಗಳು ಹಾಗೂ ಮುದ್ರಕದ ಸಂಯೋಜನೆಗಳು ಬಹುತೇಕ ಇದ್ದಂತೆಯೇ ಉಳಿಯುತ್ತವೆ. ಹಳೆಯ ವ್ಯವಸ್ಥೆಯು ಪ್ರತ್ಯೇಕ ಫೋಲ್ಡರ್‌ನಲ್ಲಿ ಉಳಿದಿರುವುದರಿಂದ, ತೃಪ್ತಿಯಾಗದಿದ್ದಲ್ಲಿ ಸಾಮಾನ್ಯವಾಗಿ 10 ದಿನಗಳೊಳಗೆ ಹಿಂದಿನ ಆವೃತ್ತಿಗೆ ಮರಳಬಹುದು. ಆದರೆ ಹಳೆಯ ದೋಷಗಳೂ ಜೊತೆಯಲ್ಲೇ ಮುಂದುವರಿಯುವ ಸಾಧ್ಯತೆ ಇದೆ.

ಹೊಸದಾಗಿ ಅಳವಡಿಸುವುದು: ಆಡುಮಾತಿನಲ್ಲಿ 'ಫಾರ್ಮ್ಯಾಟ್ ಮಾಡಿಸುವುದು' ಎಂದರೆ ಇದೇ. ಸಿ ಡ್ರೈವ್‌ನಲ್ಲಿರುವುದನ್ನು ಅಳಿಸಿ ವ್ಯವಸ್ಥೆಯನ್ನು ಮೊದಲಿನಿಂದ ಹಾಕಲಾಗುತ್ತದೆ. ವೈರಸ್ ತಗುಲಿದ ಅಥವಾ ಬಹಳ ನಿಧಾನವಾದ ಯಂತ್ರಕ್ಕೆ ಇದು ಸೂಕ್ತ. ಆದರೆ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಮತ್ತು ಡೌನ್‌ಲೋಡ್ಸ್ ಫೋಲ್ಡರ್‌ಗಳು ಸಾಮಾನ್ಯವಾಗಿ ಸಿ ಡ್ರೈವ್‌ನಲ್ಲಿಯೇ ಇರುವುದರಿಂದ, ಸ್ಕ್ಯಾನ್ ಮಾಡಿಟ್ಟ ದಾಖಲೆಗಳು ಅಳಿಸಿಹೋಗುತ್ತವೆ. ಬ್ರೌಸರ್‌ನಲ್ಲಿ ಉಳಿಸಿದ ಗುಪ್ತಪದಗಳೂ ಬೇರೆಡೆ ಪ್ರತಿ ಇಲ್ಲದಿದ್ದಲ್ಲಿ ದೊರೆಯುವುದಿಲ್ಲ.

ಯಾವ ಯಂತ್ರಕ್ಕೆ ಯಾವ ವಿಧಾನ?

1. ವಿಂಡೋಸ್ 11ಕ್ಕೆ 64 ಬಿಟ್ ಪ್ರೊಸೆಸರ್, ಕನಿಷ್ಠ 4 ಜಿಬಿ ರ್‍ಯಾಮ್, 64 ಜಿಬಿ ಸಂಗ್ರಹ ಸಾಮರ್ಥ್ಯ, ಸೆಕ್ಯೂರ್ ಬೂಟ್ ಸೌಲಭ್ಯ ಮತ್ತು ಟಿಪಿಎಂ 2.0 ಭದ್ರತಾ ಘಟಕ ಅಗತ್ಯ. ಇಂಟೆಲ್ ಪ್ರೊಸೆಸರ್‌ಗಳಲ್ಲಿ ಸಾಮಾನ್ಯವಾಗಿ 8ನೇ ಪೀಳಿಗೆ ಹಾಗೂ ನಂತರದವುಗಳಿಗೆ ಮಾತ್ರ ಮಾನ್ಯತೆ ಇದೆ. ಮೈಕ್ರೋಸಾಫ್ಟ್‌ನ 'ಪಿಸಿ ಹೆಲ್ತ್ ಚೆಕ್' ಎಂಬ ಉಚಿತ ತಂತ್ರಾಂಶದಿಂದ ಇದನ್ನು ಪರೀಕ್ಷಿಸಿಕೊಳ್ಳಬಹುದು.

2. ವಿಂಡೋಸ್ 10 ಇರುವ, ಮೇಲಿನ ಅರ್ಹತೆಯುಳ್ಳ ಮತ್ತು ತೊಂದರೆಯಿಲ್ಲದೆ ನಡೆಯುತ್ತಿರುವ ಯಂತ್ರವನ್ನು ಮೇಲ್ದರ್ಜೆಗೇರಿಸುವುದೇ ಸಾಕು. ಅರ್ಜಿಯ ಕೊನೆಯ ದಿನಾಂಕ ಸಮೀಪಿಸಿದ್ದರೆ ಎರಡನ್ನೂ ಮುಂದೂಡಿ, ಅರ್ಜಿ ಸಲ್ಲಿಸಿದ ನಂತರ ಕೈಗೊಳ್ಳುವುದು ಒಳಿತು.

3. ವಿಂಡೋಸ್ 7 ಇರುವ ಯಂತ್ರವನ್ನು ಕಡತಗಳನ್ನು ಉಳಿಸಿಕೊಂಡು ನೇರವಾಗಿ ವಿಂಡೋಸ್ 11ಕ್ಕೆ ಏರಿಸಲು ಅವಕಾಶವಿಲ್ಲ. 32 ಬಿಟ್ ವ್ಯವಸ್ಥೆಯನ್ನು 64 ಬಿಟ್‌ಗೆ ಏರಿಸಲೂ ಬರುವುದಿಲ್ಲ. ಈ ಎರಡೂ ಸಂದರ್ಭಗಳಲ್ಲಿ ಹೊಸ ಅಳವಡಿಕೆಯೇ ಮಾರ್ಗ.

4. ಅರ್ಹತೆಯಿಲ್ಲದ ವಿಂಡೋಸ್ 10 ಯಂತ್ರಗಳ ವೈಯಕ್ತಿಕ ಬಳಕೆದಾರರಿಗಾಗಿ ಮೈಕ್ರೋಸಾಫ್ಟ್ ವಿಸ್ತರಿತ ಭದ್ರತಾ ತಿದ್ದುಪಡಿ ಯೋಜನೆಯನ್ನು ಪ್ರಕಟಿಸಿ, 13 ಅಕ್ಟೋಬರ್ 2026ರವರೆಗೆ ಅವಧಿ ನಿಗದಿಪಡಿಸಿತು. ಇನ್ನೊಂದು ಮಾರ್ಗವೆಂದರೆ ಉಬುಂಟು ಅಥವಾ ಸಿ-ಡ್ಯಾಕ್ ಸಂಸ್ಥೆಯ ಬಾಸ್ ಮೊದಲಾದ ಲಿನಕ್ಸ್ ಆಧಾರಿತ ವ್ಯವಸ್ಥೆ. ಇದಕ್ಕೆ ಪರವಾನಗಿ ಶುಲ್ಕವಿಲ್ಲ. ಆದರೆ ಇದು ಹೊಸ ಅಳವಡಿಕೆಯೇ ಆಗಿರುತ್ತದೆ. ಬೆರಳಚ್ಚು ಸಾಧನ ಅಥವಾ ಡಿಜಿಟಲ್ ಸಹಿ ಬಳಸುವವರು ಅವು ಲಿನಕ್ಸ್‌ನಲ್ಲಿ ನಡೆಯುವುದನ್ನು ಮೊದಲೇ ಖಚಿತಪಡಿಸಿಕೊಳ್ಳತಕ್ಕದ್ದು.

ಪೂರ್ವಸಿದ್ಧತೆ

ಯಾವುದೇ ವಿಧಾನ ಆಯ್ದುಕೊಂಡರೂ ಕಡತಗಳ ಪ್ರತಿಯನ್ನು ಪೆನ್‌ಡ್ರೈವ್ ಅಥವಾ ಹೊರ ಹಾರ್ಡ್‌ಡಿಸ್ಕ್‌ನಲ್ಲಿ ತೆಗೆದಿರಿಸುವುದು ಕಡ್ಡಾಯವೆಂದೇ ಭಾವಿಸತಕ್ಕದ್ದು. ಪ್ರತಿ ತೆಗೆದ ನಂತರ ಒಂದೆರಡು ಕಡತಗಳನ್ನು ಬೇರೊಂದು ಯಂತ್ರದಲ್ಲಿ ತೆರೆದು ನೋಡಬೇಕು. ತೆರೆದು ನೋಡದ ಪ್ರತಿಯನ್ನು ನಂಬಿ ಕೂರುವಂತಿಲ್ಲ.

"ಡಿ ಡ್ರೈವ್‌ನಲ್ಲಿಟ್ಟಿದ್ದೇನೆ, ಏನೂ ಆಗದು" ಎಂಬ ನಂಬಿಕೆ ವ್ಯಾಪಕವಾಗಿದೆ. ಸಿ ಡ್ರೈವ್ ಮಾತ್ರ ಅಳಿಸಿದಾಗ ಇದು ನಿಜ. ಆದರೆ ಸಿ ಮತ್ತು ಡಿ ಎರಡೂ ಒಂದೇ ಹಾರ್ಡ್‌ಡಿಸ್ಕ್‌ನ ಭಾಗಗಳಾಗಿರಬಹುದು. ಹಳೆಯ ಯಂತ್ರಕ್ಕೆ ವಿಂಡೋಸ್ 11 ಹಾಕುವಾಗ ಡಿಸ್ಕ್‌ನ ವಿಭಜನಾ ಕ್ರಮವನ್ನೇ ಬದಲಿಸಬೇಕಾಗಿ ಬಂದು, ತಂತ್ರಜ್ಞರು ಎಲ್ಲ ವಿಭಾಗಗಳನ್ನೂ ಅಳಿಸುವುದುಂಟು. ಆಗ ಡಿ ಡ್ರೈವ್ ಕೂಡ ಉಳಿಯುವುದಿಲ್ಲ. ಆದ್ದರಿಂದ ಯಂತ್ರವನ್ನು ಒಪ್ಪಿಸುವ ಮುನ್ನ ಈ ಬಗ್ಗೆ ಸ್ಪಷ್ಟವಾಗಿ ವಿಚಾರಿಸತಕ್ಕದ್ದು.

ಬಿಟ್‌ಲಾಕರ್ ಸಕ್ರಿಯವಾಗಿರುವ ಯಂತ್ರಗಳಲ್ಲಿ 48 ಅಂಕಿಗಳ ಮರುಪಡೆಯುವ ಕೀಲಿಯನ್ನು ಮೊದಲೇ ಬರೆದಿಟ್ಟುಕೊಳ್ಳಬೇಕು. ಯಂತ್ರ ಕೇಳಿದಾಗ ಕೀಲಿ ಇಲ್ಲದಿದ್ದರೆ ಕಡತಗಳನ್ನು ತೆರೆಯಲಾಗದು.

ಮಳೆಗಾಲದ ಎಚ್ಚರಿಕೆ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಮಳೆಗೆ ಮರ ಬಿದ್ದು ವಿದ್ಯುತ್ ನಿಲುಗಡೆಯಾಗುವುದು ಕರಾವಳಿಯಲ್ಲಿ ಸಾಮಾನ್ಯ. ಮೇಲ್ದರ್ಜೆಗೇರಿಸುವ ಮಧ್ಯದಲ್ಲಿ ವಿದ್ಯುತ್ ಹೋದರೆ ಯಂತ್ರವು ಬಹುತೇಕ ಹಳೆಯ ಆವೃತ್ತಿಗೆ ಮರಳಲು ಪ್ರಯತ್ನಿಸುತ್ತದೆ. ಆದರೆ ಅದು ಯಶಸ್ವಿಯಾಗುವುದೆಂಬ ಖಾತರಿಯಿಲ್ಲ. ಹೊಸ ಅಳವಡಿಕೆಯ ಮಧ್ಯದಲ್ಲಿ ಹೋದರೆ ಹಳೆಯದು ಆಗಲೇ ಅಳಿಸಿರುವುದರಿಂದ ಕೆಲಸವನ್ನು ಮೊದಲಿನಿಂದ ಆರಂಭಿಸಬೇಕು. ಮನೆಬಳಕೆಯ ಸಣ್ಣ ಯುಪಿಎಸ್‌ಗಳು ಕೆಲವು ನಿಮಿಷ ಮಾತ್ರ ವಿದ್ಯುತ್ ಒದಗಿಸುತ್ತವೆ. ಈ ಕೆಲಸಕ್ಕೆ ಒಂದು ಗಂಟೆಗೂ ಹೆಚ್ಚು ಕಾಲ ಬೇಕಾಗಬಹುದು. ಇನ್ವರ್ಟರ್ ಇರುವಲ್ಲಿ ಅಥವಾ ಮಳೆ ಬಿಡುವು ಕೊಟ್ಟ ದಿನದಲ್ಲಿ ಕೆಲಸ ಕೈಗೊಳ್ಳುವುದು ಸೂಕ್ತ. ಲ್ಯಾಪ್‌ಟಾಪ್ ಆದಲ್ಲಿ ಬ್ಯಾಟರಿ ಪೂರ್ಣ ತುಂಬಿರಬೇಕು.

ಹೊಸ ಆವೃತ್ತಿಯ ಕಡತವು ಹಲವು ಜಿಬಿ ಗಾತ್ರದ್ದಾಗಿದ್ದು, ಮೊಬೈಲ್‌ನ ದೈನಂದಿನ ಡೇಟಾ ಮಿತಿಯಲ್ಲಿ ಇಳಿಸಿಕೊಳ್ಳುವುದು ಕಷ್ಟ. ಒಳನಾಡಿನ ಗ್ರಾಮಗಳವರು ಉತ್ತಮ ಸಂಪರ್ಕವಿರುವ ಸ್ಥಳದಲ್ಲಿ ಮೈಕ್ರೋಸಾಫ್ಟ್‌ನ ಅಧಿಕೃತ ಸಾಧನ ಬಳಸಿ, ಕನಿಷ್ಠ 8 ಜಿಬಿಯ ಖಾಲಿ ಪೆನ್‌ಡ್ರೈವ್‌ನಲ್ಲಿ ಅದನ್ನು ಸಿದ್ಧಪಡಿಸಿಕೊಂಡು ತರಬಹುದು. ಆ ಪೆನ್‌ಡ್ರೈವ್‌ನಲ್ಲಿ ಮೊದಲಿದ್ದ ಕಡತಗಳು ಅಳಿಸಿಹೋಗುವುದರಿಂದ, ದಾಖಲೆಗಳ ಪ್ರತಿಯನ್ನು ಅದರಲ್ಲಿ ಇರಿಸಬಾರದು.

ಕನ್ನಡ ಕಡತಗಳು ಓದಲು ಬಾರದಿದ್ದಲ್ಲಿ

ಹೊಸ ಅಳವಡಿಕೆಯ ನಂತರ ಹಳೆಯ ಮನವಿ ಪತ್ರ, ಕರಾರು ಪತ್ರಗಳನ್ನು ತೆರೆದಾಗ ಕನ್ನಡದ ಬದಲು ಅರ್ಥವಿಲ್ಲದ ಚಿಹ್ನೆಗಳು ಕಾಣಿಸುವುದುಂಟು. ಕಡತ ಕೆಟ್ಟಿದೆಯೆಂದು ಅದನ್ನು ಅಳಿಸಬಾರದು. ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ನುಡಿ ತಂತ್ರಾಂಶದ ಹಳೆಯ ಅಕ್ಷರಶೈಲಿಗಳಲ್ಲಿ ಟೈಪ್ ಮಾಡಿದ ಕಡತಗಳು ಯೂನಿಕೋಡ್‌ನಲ್ಲಿ ಇರುವುದಿಲ್ಲ. ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ಅವು ಹೀಗೆಯೇ ಕಾಣುತ್ತವೆ. ಸದರಿ ಅಕ್ಷರಶೈಲಿಯನ್ನು ಮತ್ತೆ ಅಳವಡಿಸಿದೊಡನೆ ಬರಹ ಸರಿಯಾಗಿ ಮೂಡುತ್ತದೆ. ಮೇಲ್ದರ್ಜೆಗೇರಿಸಿದ ಯಂತ್ರದಲ್ಲಿ ಈ ತೊಂದರೆ ಸಾಮಾನ್ಯವಾಗಿ ಬರುವುದಿಲ್ಲ. ಅಳವಡಿಕೆಗೆ ಮುನ್ನ ಮುಖ್ಯ ಕಡತಗಳ ಪಿಡಿಎಫ್ ಪ್ರತಿ ಮಾಡಿಡುವುದು ಹಾಗೂ ಅವುಗಳನ್ನು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳುವುದು ಶಾಶ್ವತ ಪರಿಹಾರ.

ವಿಂಡೋಸ್‌ನ ತುಂಗಾ ಅಕ್ಷರಶೈಲಿಯು ವಿಂಡೋಸ್ 10 ಮತ್ತು 11ರಲ್ಲಿ ಹೆಚ್ಚುವರಿ ಸೌಲಭ್ಯವಾಗಿದ್ದು, ಕನ್ನಡ ಭಾಷೆಯನ್ನು ಸೇರಿಸಿಕೊಂಡಾಗ ದೊರೆಯುತ್ತದೆ. ತುಂಗಾ ಬರಹವು ಯೂನಿಕೋಡ್ ಆದುದರಿಂದ, ಅದು ಇಲ್ಲದಿದ್ದರೂ ನಿರ್ಮಲಾ ಅಕ್ಷರಶೈಲಿಯಲ್ಲಿ ಓದಬಹುದು.

ಡಿಜಿಟಲ್ ಸಹಿ ಮತ್ತು ಪರವಾನಗಿ

ಯುಎಸ್‌ಬಿ ಟೋಕನ್‌ನಲ್ಲಿರುವ ಡಿಜಿಟಲ್ ಸಹಿ ಗಣಕಯಂತ್ರದಲ್ಲಿ ಸಂಗ್ರಹವಾಗಿರುವುದಿಲ್ಲ. ಆದ್ದರಿಂದ ಯಂತ್ರ ಫಾರ್ಮ್ಯಾಟ್ ಆದರೂ ಸಹಿ ನಷ್ಟವಾಗುವುದಿಲ್ಲ. ಟೋಕನ್‌ನ ಡ್ರೈವರ್ ತಂತ್ರಾಂಶವನ್ನು ಮತ್ತೆ ಹಾಕಿದರೆ ಸಾಕು. ಟೋಕನ್ ಅನ್ನೇ 'ಇನಿಷಿಯಲೈಸ್' ಮಾಡಿದಲ್ಲಿ ಮಾತ್ರ ಸಹಿ ಅಳಿಸುತ್ತದೆ; ಹಾಗೆ ಮಾಡಕೂಡದು.

ಪರವಾನಗಿ ಸಹಿತ ವಿಂಡೋಸ್ 10 ಸಕ್ರಿಯವಾಗಿದ್ದ ಯಂತ್ರದಲ್ಲಿ ವಿಂಡೋಸ್ 11ರ ಅದೇ ಶ್ರೇಣಿಯನ್ನು, ಅಂದರೆ ಹೋಮ್ ಇದ್ದಲ್ಲಿ ಹೋಮ್ ಅನ್ನು, ಪ್ರೊ ಇದ್ದಲ್ಲಿ ಪ್ರೊ ಅನ್ನು ಹಾಕಿದರೆ, ಅಂತರಜಾಲ ಸಂಪರ್ಕ ದೊರೆತಾಗ ಅದು ಸಾಮಾನ್ಯವಾಗಿ ತಾನಾಗಿಯೇ ಸಕ್ರಿಯಗೊಳ್ಳುತ್ತದೆ. ಕಳ್ಳ ಪ್ರತಿಗಳನ್ನೂ ಅವುಗಳನ್ನು ಸಕ್ರಿಯಗೊಳಿಸುವ ಅನಧಿಕೃತ ತಂತ್ರಾಂಶಗಳನ್ನೂ ಹಾಕಲು ಒಪ್ಪಬಾರದು. ಅವುಗಳೊಡನೆ ಗುಪ್ತಪದ ಕದಿಯುವ ತಂತ್ರಾಂಶಗಳು ಸೇರಿಕೊಂಡಿರುವ ಅಪಾಯವಿದೆ.

ಸಾಮಾನ್ಯ ಪ್ರಶ್ನೆಗಳು

ಪ್ರಶ್ನೆ: ಫಾರ್ಮ್ಯಾಟ್ ಮಾಡಿಸಿದರೆ ಈಗಾಗಲೇ ಸಲ್ಲಿಸಿದ ಅರ್ಜಿ ರದ್ದಾಗುವುದೇ?
ಉತ್ತರ: ಇಲ್ಲ. ಸಲ್ಲಿಕೆಯಾದ ಅರ್ಜಿಯು ಸಂಬಂಧಪಟ್ಟ ಇಲಾಖೆಯ ಸರ್ವರ್‌ನಲ್ಲಿರುತ್ತದೆ. ಆದರೆ ಸ್ವೀಕೃತಿ ಸಂಖ್ಯೆ ಹಾಗೂ ಸಕಾಲ ಸೇವೆಗಳಲ್ಲಿ ಸಕಾಲ ಸಂಖ್ಯೆಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಬೇಕು. ಸಲ್ಲಿಸದೆ ಅರ್ಧ ತುಂಬಿದ ನಮೂನೆ ಉಳಿಯುವುದೆಂದು ನಂಬಬಾರದು.

ಪ್ರಶ್ನೆ: ಯಂತ್ರವನ್ನು ಅಂಗಡಿಗೆ ಕೊಡುವಾಗ ವಹಿಸಬೇಕಾದ ಎಚ್ಚರಿಕೆ ಏನು?
ಉತ್ತರ: ಆಧಾರ್, ಪ್ಯಾನ್, ಬ್ಯಾಂಕ್ ಪುಸ್ತಕಗಳ ಸ್ಕ್ಯಾನ್ ಪ್ರತಿಗಳನ್ನು ಹೊರ ಡಿಸ್ಕ್‌ಗೆ ವರ್ಗಾಯಿಸಿ, ಯಂತ್ರದಿಂದ ತೆಗೆದ ನಂತರವೇ ಕೊಡಬೇಕು. ಒಟಿಪಿಯನ್ನು ಯಾರಿಗೂ ತಿಳಿಸಬಾರದು. ಹಾರ್ಡ್‌ಡಿಸ್ಕ್ ಬದಲಿಸಿದಲ್ಲಿ ಹಳೆಯದನ್ನು ಕೇಳಿ ಪಡೆಯಬೇಕು.

ಪ್ರಶ್ನೆ: ದಾಖಲೆಗಳು ಅಳಿಸಿಹೋಗಿವೆ. ಮುಂದೇನು?
ಉತ್ತರ: ಯಂತ್ರದ ಬಳಕೆಯನ್ನು ಕೂಡಲೇ ನಿಲ್ಲಿಸಬೇಕು. ಹೊಸ ಕಡತಗಳು ಸೇರಿದಷ್ಟೂ ಹಳೆಯವನ್ನು ಮರಳಿ ಪಡೆಯುವ ಸಾಧ್ಯತೆ ಕ್ಷೀಣಿಸುತ್ತದೆ. ಪಹಣಿ ಮತ್ತು ಆಧಾರ್‌ನಂತಹ ದಾಖಲೆಗಳನ್ನು ಆಯಾ ಜಾಲತಾಣದಿಂದ ಮತ್ತೆ ಪಡೆಯಬಹುದು. 2015ರಲ್ಲಿ ಆರಂಭವಾದ ಡಿಜಿಲಾಕರ್‌ನಲ್ಲಿಯೂ ಹಲವು ದಾಖಲೆಗಳು ಲಭ್ಯ. ಆದರೆ ಹಿರಿಯರ ಕಾಲದ ಕೈಬರಹದ ಪತ್ರ, ಹಳೆಯ ಭಾವಚಿತ್ರಗಳನ್ನು ಯಾವ ಜಾಲತಾಣವೂ ಮರಳಿ ಕೊಡಲಾರದು. ಪ್ರತಿ ತೆಗೆಯುವಾಗ ಅವುಗಳಿಂದಲೇ ಆರಂಭಿಸುವುದು ಲೇಸು.

ಸಾರ್ವಜನಿಕರು ಮೇಲ್ಕಂಡ ಕ್ರಮಗಳನ್ನು ಅನುಸರಿಸಿ, ತಮ್ಮ ದಾಖಲೆಗಳನ್ನು ಸುರಕ್ಷಿತವಾಗಿರಿಸಿಕೊಂಡು, ಸೇವೆಗಳನ್ನು ಅಡಚಣೆಯಿಲ್ಲದೆ ಪಡೆಯಬೇಕಾಗಿ ಕೋರಲಾಗಿದೆ.